ಮನೆಯಲ್ಲಿ ಮಗುವಿಗೆ ಏನು ಮಾಡಿಸಲಿ, ಸರ್?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿವಮೊಗ್ಗದಿಂದ ಕರೆ ಮಾಡಿದ್ದ. ಕ್ಷೇಮ ಸಮಾಚಾರ, ಮಳೆ, ಅಡಿಕೆ ಧಾರಣೆ ಎಲ್ಲ ಮುಗಿದ ಮೇಲೆ ಮೆಲ್ಲನೆ ವಿಷಯಕ್ಕೆ ಬಂದ. ಮಗಳು ಮೂರನೆಯ ತರಗತಿ. ಆಡುತ್ತ ಕಲಿಯುವ ಸಾಮಗ್ರಿಗಳೆಂದು ಪೆಟ್ಟಿಗೆಗಟ್ಟಲೆ ತರಿಸಿದ್ದಾನೆ. ಬಣ್ಣದ ಕಾರ್ಡು, ಮರದ ಅಂಕಿ, ತುಂಬಿಸಬೇಕಾದ ಹಾಳೆಗಳ ಪುಸ್ತಕ. ಎರಡು ದಿನ ಆಡಿದ ಮಗು ಮೂರನೆಯ ದಿನ ಮೂಲೆಗೆ ಹಾಕಿತಂತೆ. "ಮನೆಯಲ್ಲಿ ಇನ್ನು ಎಂಥ ಮಾಡ್ಸೋದು ಸರ್? ನೀವೇ ಏನಾದ್ರೂ ಹೇಳಿ" ಎಂದ.

ಆ ಕ್ಷಣಕ್ಕೆ ನಾನು ಏನೋ ಹೇಳಿ ಮುಗಿಸಿದೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಇದೇ ಪ್ರಶ್ನೆಯನ್ನು ನಿಮ್ಮಲ್ಲಿ ಇನ್ನೂ ನಾಲ್ಕಾರು ಮಂದಿ ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿದ್ದೀರಿ. ಆದ್ದರಿಂದ ಎಲ್ಲರಿಗೂ ಸೇರಿ ಇಲ್ಲಿಯೇ ಉತ್ತರಿಸುತ್ತಿದ್ದೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಪಾಠ ಮಾಡಿದವನೆಂಬ ಅಧಿಕಾರದಿಂದ ಮಾತ್ರ ಬರೆಯುತ್ತಿಲ್ಲ; ಈ ವಿಷಯದಲ್ಲಿ ಒಮ್ಮೆ ಚೆನ್ನಾಗಿಯೇ ಎಡವಿದ ತಂದೆಯೆಂಬ ಅನುಭವದಿಂದಲೂ ಬರೆಯುತ್ತಿದ್ದೇನೆ.

ಮೊದಲು ತರಗತಿಯ ಒಂದು ಪ್ರಸಂಗ. ಎಂಟನೆಯ ತರಗತಿಯಲ್ಲಿ ವಿಸ್ತೀರ್ಣದ ಪಾಠ ಆರಂಭಿಸುವ ಮುನ್ನ ನಾನು ಪ್ರತಿವರ್ಷ ಒಂದು ಪ್ರಶ್ನೆ ಕೇಳುತ್ತಿದ್ದೆ: "ಈ ಕೋಣೆಯ ಉದ್ದ ಎಷ್ಟಿರಬಹುದು?" ಪುಸ್ತಕದ ಲೆಕ್ಕವನ್ನು ನಿಮಿಷದಲ್ಲಿ ಬಿಡಿಸುವ ಜಾಣರು ಇನ್ನೂರು ಮೀಟರ್ ಎಂದದ್ದುಂಟು, ಎಂಬತ್ತು ಅಡಿ ಎಂದದ್ದುಂಟು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಗೋಡೆಯಿಂದ ಗೋಡೆಗೆ ಒಮ್ಮೆ ಕಣ್ಣು ಹಾಯಿಸಿ, "ನಾಲ್ಕು ಅಡಿಕೆ ಮರ ನೆಟ್ಟಷ್ಟು ದೂರ ಸರ್. ಅಂತರ ಮೂರು. ಮೂರೊಂಬತ್ಲಿ ಇಪ್ಪತ್ತೇಳು ಅಡಿ" ಎಂದ. ಟೇಪು ಹಿಡಿದು ಅಳೆದೆವು. ಇಪ್ಪತ್ತಾರೂವರೆ ಅಡಿ ಬಂತು. ನಮ್ಮ ಕಡೆ ಅಡಿಕೆ ಸಸಿಯನ್ನು ಒಂಬತ್ತು ಅಡಿಗೊಂದರಂತೆ ನೆಡುವುದು ವಾಡಿಕೆ. ಅಪ್ಪ ಗುಂಡಿ ತೋಡುವಾಗ ಅಳತೆಯ ಕೋಲು ಹಿಡಿದು ನಿಂತವನು ಆ ಹುಡುಗ. ನಾಲ್ಕು ಮರಗಳ ನಡುವೆ ಅಂತರ ಇರುವುದು ಮೂರೇ ಎಂಬುದನ್ನು ಎಷ್ಟೋ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಗೆರೆ ಎಳೆದೆಳೆದು ತಿಳಿಸಬೇಕಾಗಿತ್ತು. ಅವನಿಗೆ ಅದು ಕಾಲಿಗೆ ಗೊತ್ತಿತ್ತು.

ಆ ವರ್ಷ ಅವನಿಗೆ ಗಣಿತದಲ್ಲಿ ನಾನೇ ಕೊಟ್ಟ ಅಂಕ ಇಪ್ಪತ್ತೆರಡು.

ಅದು ಇಂದಿಗೂ ನನ್ನನ್ನು ಕಾಡುತ್ತದೆ. ಬಿ.ಎಡ್. ಓದುವಾಗ "ತಿಳಿದುದರಿಂದ ತಿಳಿಯದುದರೆಡೆಗೆ, ಮೂರ್ತದಿಂದ ಅಮೂರ್ತದೆಡೆಗೆ" ಎಂಬ ಬೋಧನಾ ಸೂತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನಾವು. ಮೂರ್ತವು ಎದುರಿಗೆ ಎದ್ದು ನಿಂತು ಇಪ್ಪತ್ತೇಳು ಅಡಿ ಎಂದಾಗ, ಅಲ್ಲಿಂದ ಅವನ ಕೈಹಿಡಿದು ಪುಸ್ತಕದ ಕಡೆಗೆ ಕರೆದೊಯ್ಯುವ ದಾರಿಯನ್ನು ನಾನು ಹುಡುಕಲಿಲ್ಲ. "ಭೇಷ್" ಎಂದು ಕೂರಿಸಿ ಸೂತ್ರ ಬರೆಸಿದೆ.

ಇನ್ನು ಮನೆಯ ಕಥೆ. ನನ್ನ ಮಗ ಮೂರನೆಯ ತರಗತಿಯಲ್ಲಿದ್ದಾಗ, ಅಂದರೆ 1990ರ ದಶಕದಲ್ಲಿ, ಪ್ರತಿದಿನ ಸಂಜೆ ದೀಪ ಹಚ್ಚಿದ ಕೂಡಲೇ ಅವನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದೆ. ಗಣಿತದ ಮೇಷ್ಟರ ಮಗ ಗಣಿತದಲ್ಲಿ ಹಿಂದೆ ಬಿದ್ದರೆ ಊರಿನವರು ಏನೆಂದಾರು! ಹದಿಮೂರರ ಮಗ್ಗಿಯಲ್ಲಿ ತಡವರಿಸಿದರೆ ಅಡಿಪಟ್ಟಿಯಿಂದ ಬೆರಳ ಗೆಣ್ಣಿಗೆ ಒಂದು ಪೆಟ್ಟು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಸಂಜೆ ಆರಕ್ಕೆ ಸರಿಯಾಗಿ ಹೊಟ್ಟೆನೋವು ಬರತೊಡಗಿತು. ನನ್ನ ಪತ್ನಿ ಶುಂಠಿ ಕಷಾಯ ಮಾಡಿಕೊಡುತ್ತಿದ್ದಳು. ನೋವು ಎಲ್ಲಿಂದ ಬರುತ್ತಿದೆಯೆಂದು ಅವಳಿಗೆ ತಿಳಿದಿತ್ತು. ನನಗೆ ತಿಳಿಯಲಿಲ್ಲ, ಅಥವಾ ತಿಳಿಯುವ ಮನಸ್ಸಿರಲಿಲ್ಲ. ಅವನು ಮುಂದೆ ಚೆನ್ನಾಗಿಯೇ ಓದಿ ಬೆಂಗಳೂರಿನಲ್ಲಿ ಉದ್ಯೋಗಸ್ಥನಾದ. ಆದರೆ ಅಂಗಡಿಯ ಚೀಟಿ ಕೂಡಬೇಕಾಗಿ ಬಂದಾಗ ಈಗಲೂ ನಗುತ್ತಾ, "ನನಗೆ ಲೆಕ್ಕ ಬರೋದಿಲ್ಲ ಅಪ್ಪ" ಎಂದು ಹೆಂಡತಿಯ ಕೈಗೆ ಕೊಡುತ್ತಾನೆ. ಆ ನಗು ನನಗೆ ಮಾತ್ರ ಅರ್ಥವಾಗುತ್ತದೆ.

ಮಗ್ಗಿ ಕಲಿಸಿದ್ದು ತಪ್ಪಲ್ಲ. ಮಗ್ಗಿ ಬಾಯಿಗೆ ಬರಲೇಬೇಕು ಎಂಬ ಅಭಿಪ್ರಾಯ ನನಗೆ ಇಂದಿಗೂ ಇದೆ. ಎಲ್ಲವನ್ನೂ ಆಟದಲ್ಲಿಯೇ ಕಲಿಸಿಬಿಡಬಹುದೆಂಬ ಇತ್ತೀಚಿನ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಾನು ಮಾಡಿದ ತಪ್ಪು ಬೇರೆ. ಹಗಲೆಲ್ಲ ಶಾಲೆಯಲ್ಲಿ ಕುಳಿತು ಬಂದ ಮಗುವಿಗೆ ಮನೆಯಲ್ಲಿ ಎರಡನೆಯ ಶಾಲೆಯೊಂದನ್ನು ತೆರೆದೆ. ಅಲ್ಲಿ ನಾನು ಕೇಳಿದ ಪ್ರತಿಯೊಂದು ಪ್ರಶ್ನೆಯ ಉತ್ತರವೂ ನನಗೆ ಮೊದಲೇ ಗೊತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಉತ್ತರ ತಿಳಿದವನು ಕೇಳುವ ಪ್ರಶ್ನೆಯನ್ನು ಮಗು ಪರೀಕ್ಷೆಯೆಂದು ಕೂಡಲೇ ಗುರುತಿಸುತ್ತದೆ, ಅದನ್ನು ಎಷ್ಟು ಬಣ್ಣದ ಕಾರ್ಡಿನ ಮೇಲೆ ಮುದ್ರಿಸಿದರೂ ಸರಿ. ಶಿವಮೊಗ್ಗದ ಆ ಮಗು ಪೆಟ್ಟಿಗೆಯನ್ನು ಮೂಲೆಗೆ ಹಾಕಿದ್ದು ಇದೇ ಕಾರಣಕ್ಕೆ ಇರಬಹುದು.

ವಿಚಿತ್ರವೆಂದರೆ, ಶಾಲೆಗಳೇ ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿವೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯೊಡನೆ ಆಟ, ನಾಟಕ, ಕುಣಿತಗಳನ್ನು ಬೆಸೆದದ್ದು ಬಹಳ ಹಿಂದಿನ ಮಾತು. ನಮ್ಮ ಕಾಲದಲ್ಲಿಯೇ, 1995ರಲ್ಲಿ, ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ "ನಲಿ-ಕಲಿ" ಆರಂಭವಾಯಿತು. ಕಾರ್ಡುಗಳು, ಕಲಿಕೆಯ ಏಣಿ, ಪ್ರತಿ ಮಗುವಿಗೂ ತನ್ನದೇ ವೇಗ. ಮುಂದೆ 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಅದರಲ್ಲಿ ಕೊರತೆಗಳಿರಬಹುದು. ಆದರೆ ಶಾಲೆ ಮನೆಯಂತಾಗಲು ಹೊರಟಿರುವಾಗ ಮನೆಯನ್ನು ಶಾಲೆ ಮಾಡಲು ನಾವೇಕೆ ಹೊರಡಬೇಕು?

ನನಗೆ ಬುದ್ಧಿ ಬಂದದ್ದು ಮೊಮ್ಮಗಳಿಂದ, ಅದೂ ಬಲವಂತದಿಂದ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಅವಧಿಯ ಬಹುಪಾಲು ಮಗ ಸಂಸಾರ ಸಮೇತ ಬಸರೀಕಟ್ಟೆಯ ಮನೆಯಲ್ಲಿಯೇ ಇದ್ದ. ಮನೆಯೊಳಗೆ ನೆಟ್‌ವರ್ಕ್ ಸಿಗದು. ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲೊಂದನ್ನು ಕಟ್ಟಿಕೊಂಡು ಅವನು ಅಲ್ಲಿ ಕಚೇರಿ ಕೆಲಸ ಮಾಡುತ್ತಿದ್ದ. ಮಲೆನಾಡಿನ ಎಷ್ಟು ಮನೆಗಳ ಮಕ್ಕಳು ಆ ಮಳೆಗಾಲದಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿದರೆಂಬುದು ನಿಮಗೆಲ್ಲ ನೆನಪಿರಬಹುದು. ಮೂರನೆಯ ತರಗತಿಯ ಮೊಮ್ಮಗಳಿಗೆ ಆನ್‌ಲೈನ್ ಪಾಠ ಕೈಗೂಡಲಿಲ್ಲ. "ಅಪ್ಪ, ಇವಳಿಗೆ ಏನಾದರೂ ಹೇಳಿಕೊಡಿ" ಎಂದ ಮಗ, ಒಂದು ಕ್ಷಣ ಸುಮ್ಮನಿದ್ದು, "ಮಗ್ಗಿ ಮಾತ್ರ ನಾನೇ ಹೇಳಿಕೊಡ್ತೇನೆ" ಎಂದು ಸೇರಿಸಿದ. ನಾನು ಏನೂ ಹೇಳಲಿಲ್ಲ.

ಏನು ಮಾಡಬೇಕೆಂದು ತೋಚದೆ ಇರುವಾಗ ಮಳೆಯೇ ದಾರಿ ತೋರಿಸಿತು. ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳು, "ಅಜ್ಜಯ್ಯ, ನಿನ್ನೆ ಎಷ್ಟು ಮಳೆ ಬಂತು?" ಎಂದಳು. ಬಹಳ ಬಂತು ಎಂದೆ. "ಬಹಳ ಅಂದ್ರೆ ಎಷ್ಟು?" ನನಗೆ ಗೊತ್ತಿರಲಿಲ್ಲ. ನಮ್ಮ ಸುತ್ತಲಿನ ಕಾಫಿ ತೋಟಗಳಲ್ಲಿ ಮಳೆಮಾಪಕವಿರುತ್ತದೆ. ಬೆಳೆಗಾರರು ಇಂಚು, ಸೆಂಟ್ಸ್ ಲೆಕ್ಕದಲ್ಲಿ ವರ್ಷಗಟ್ಟಲೆ ದಾಖಲೆ ಇಡುತ್ತಾರೆ. ನಮ್ಮಲ್ಲಿರಲಿಲ್ಲ. ಮಾಡಿಯೇ ನೋಡೋಣವೆಂದು ಕುಳಿತೆವು.

ಬೇಕಾದವರು ಮಾಡಿಕೊಳ್ಳಲೆಂದು ಕ್ರಮ ಹೇಳುತ್ತೇನೆ. ಬದಿಗಳು ನೇರವಾಗಿರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಕುತ್ತಿಗೆ ಮುಗಿದು ಬದಿ ನೇರವಾಗುವಲ್ಲಿ ದೊಡ್ಡವರು ಕತ್ತರಿಸಬೇಕು. ಕತ್ತರಿಸಿದ ಮೇಲ್ಭಾಗವನ್ನು ತಲೆಕೆಳಗಾಗಿ ಬಾಯಿಗೆ ಕೂರಿಸಿದರೆ ಅದೇ ಆಲಿಕೆ. ಸಿಡಿದ ಹನಿ ಹೊರಗೆ ಹೋಗದು, ನೀರು ಆವಿಯಾಗುವುದೂ ಕಡಿಮೆ. ಬಾಟಲಿಯ ತಳ ಸಮವಾಗಿರುವುದಿಲ್ಲವಾದ್ದರಿಂದ ಅಲ್ಲಿ ಬೆಣಚುಕಲ್ಲು ತುಂಬಿ, ಅವು ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಅಡಿಪಟ್ಟಿಯ ಸೊನ್ನೆ ಬರುವಂತೆ ಹೊರಗಿನಿಂದ ಅಂಟಿಸಬೇಕು. ಮರ, ಸೂರುಗಳ ಹನಿ ಬೀಳದ ಬಯಲಿನಲ್ಲಿ ಅಲುಗಾಡದಂತೆ ಇಟ್ಟು, ಪ್ರತಿದಿನ ಒಂದೇ ಹೊತ್ತಿಗೆ ನೋಡಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ನಾವೂ ಹಾಗೆಯೇ ಮಾಡಿದೆವು. ನನ್ನ ಮಗನ ಗೆಣ್ಣಿಗೆ ಬಿದ್ದಿದ್ದ ಅದೇ ಮರದ ಅಡಿಪಟ್ಟಿ ಮೇಜಿನ ಡ್ರಾಯರಿನಲ್ಲಿತ್ತು. ಅದನ್ನು ಮಳೆಗೆ ಒಡ್ಡಲು ಮನಸ್ಸಾಗದೆ ಪ್ಲಾಸ್ಟಿಕ್ಕಿನದು ತಂದೆವು ಎಂದು ಆಗ ಹೇಳಿದೆ. ನಿಜವಾದ ಕಾರಣ ಬೇರೆ ಎಂದು ಓದುಗರು ಊಹಿಸಬಲ್ಲರು.

ಎಷ್ಟೆಷ್ಟು ಲೆಕ್ಕ ಹುಟ್ಟಿತು ಆ ಬಾಟಲಿಯಿಂದ! ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಹಾಗಾದರೆ ನಮ್ಮ ಸೂರಿನ ಮೇಲೆ ಎಷ್ಟು ಕೊಡ ಬಿತ್ತು? ಸೂರು ಅಳೆಯಲು ಮನೆಯ ಸುತ್ತ ಹಗ್ಗ ಹಿಡಿದು ಓಡಿದ್ದಾಯಿತು. ಅವಳಜ್ಜಿ ದಿನವೂ "ಆರಿದ್ರಾ ಮಳೆ ಕಳೆದು ಪುನರ್ವಸು ಹುಟ್ಟಿತು" ಎನ್ನುವುದನ್ನು ಕೇಳಿ, ಒಂದೊಂದು ಮಳೆ ಎಷ್ಟು ದಿನ ಎಂಬ ಪ್ರಶ್ನೆ ಬಂತು. ವರ್ಷಕ್ಕೆ 365 ದಿನ, ನಕ್ಷತ್ರ 27. ಭಾಗಾಕಾರ ಇನ್ನೂ ಚೆನ್ನಾಗಿ ಬಾರದ ಮಗು ಹುಣಸೆ ಬೀಜಗಳನ್ನು ಚಾವಡಿಯ ನೆಲದ ಮೇಲೆ ಇಪ್ಪತ್ತೇಳು ಕಡೆ ಹಂಚಿತು. ತಲಾ ಹದಿಮೂರು ಹಂಚಿದ ಮೇಲೆ ಹದಿನಾಲ್ಕು ಬೀಜ ಉಳಿದವು. ಅವನ್ನೂ ಒಂದೊಂದಾಗಿ ಇಟ್ಟಳು. ಹದಿನಾಲ್ಕು ನಕ್ಷತ್ರಕ್ಕೆ ಹದಿನಾಲ್ಕು ದಿನ, ಹದಿಮೂರು ನಕ್ಷತ್ರಕ್ಕೆ ಹದಿಮೂರು ದಿನ! ಶೇಷ ಎಂದರೇನೆಂದು ನಾನು ಬೇರೆ ಪಾಠ ಮಾಡಬೇಕಾಗಲಿಲ್ಲ. ಜೊತೆಗೆ ಇನ್ನೊಂದು ಪುಸ್ತಕದಲ್ಲಿ ಮಳೆಯ ಮಾತುಗಳು: ತುಂತುರು, ಸೋನೆ, ಜಿಟಿಜಿಟಿ, ಜಡಿ, ಬಿರುಮಳೆ. ಬೆಂಗಳೂರಿನ ಶಾಲೆಯಲ್ಲಿ ಅವಳಿಗೆ ಕನ್ನಡ ಎರಡನೆಯ ಭಾಷೆ. ಒತ್ತಕ್ಷರ ಎಂದರೆ ಅಳುತ್ತಿದ್ದವಳು "ನಕ್ಷತ್ರ"ವನ್ನು ತಪ್ಪಿಲ್ಲದೆ ಬರೆದದ್ದು ಆ ಪುಸ್ತಕದಲ್ಲಿ.

ಆಗಸ್ಟ್ ಮೊದಲ ವಾರ ಕೊಡಗು, ಮಲೆನಾಡುಗಳಲ್ಲೆಲ್ಲ ಭಾರಿ ಮಳೆ. ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದದ್ದು ಆಗಲೇ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನಮ್ಮ ಬಾಟಲಿ ತುಂಬಿ ಹೊರಚೆಲ್ಲಿತ್ತು. ಎಷ್ಟು ಮಳೆ ಬಂತೆಂದು ತಿಳಿಯುವ ದಾರಿಯಿಲ್ಲ. ಮಗು ಅಳುಮುಖ ಮಾಡಿತು. ಸಮಾಧಾನ ಪಡಿಸಲು ನಾನು, "ಅಂದಾಜಿನಲ್ಲಿ ಇನ್ನೂರು ಎಂದು ಬರೆದುಬಿಡು" ಎಂದೆ. "ನಾವು ನೋಡಲಿಲ್ಲವಲ್ಲ ಅಜ್ಜಯ್ಯ" ಎಂದಳು. ಆ ದಿನದ ಸಾಲಿನಲ್ಲಿ ಅವಳು ಬರೆದದ್ದು: "ತುಂಬಿ ಚೆಲ್ಲಿದೆ. ಎಷ್ಟೋ ಗೊತ್ತಿಲ್ಲ." ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಬರಬೇಕಾದ ಉತ್ತರವನ್ನು ಮೊದಲೇ ತಿಳಿದುಕೊಂಡು ಅಂಕಿ ಹೊಂದಿಸಿ ಬರೆದ ತಲೆಮಾರುಗಳನ್ನು ಕಂಡವನು ನಾನು, ವಿದ್ಯಾರ್ಥಿಯಾಗಿದ್ದಾಗ ನಾನೂ ಬರೆದಿದ್ದೇನೆ. ಆ ಸಾಲನ್ನು ಓದಿ ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಮಳೆಗಾಲವೆಂದರೆ ನಮ್ಮಲ್ಲಿ ಚೆನ್ನೆಮಣೆ. ಏಳೇಳು ಗುಳಿಗಳ ಎರಡು ಸಾಲು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. (ಹುಣಸೆ ಬೀಜವೋ ಮಂಜೊಟ್ಟಿಯೋ ಸಾಕು. ಗುಲಗಂಜಿಯನ್ನು ಮಾತ್ರ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ; ಅದು ವಿಷ.) ಆಟದ ಕ್ರಮ ಊರಿಂದೂರಿಗೆ ಬೇರೆ. ನಮ್ಮ ಮನೆಯ ಕ್ರಮದಲ್ಲಿ ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನವುಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಿ, ಮುಗಿದಲ್ಲಿಂದ ಮುಂದಿನ ಗುಳಿಯನ್ನೆತ್ತಿ ಮತ್ತೆ ಬಿತ್ತಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ನಮ್ಮ ಗಳಿಕೆ. ಅಲ್ಲಿಗೆ ಆ ಸರದಿ ಮುಗಿಯಿತು. ಹತ್ತು ಹದಿನೈದು ದಿನ ಆಡಿದ ಮೇಲೆ ಒಂದು ಸಂಜೆ ಅವಳು ಕೇಳಿದಳು: "ಅಜ್ಜಯ್ಯ, ಮೊದಲ ಸಲ ಎಲ್ಲಿಂದ ಎತ್ತಿದರೂ ಆರೇ ಕಾಯಿ ಸಿಗ್ತದಲ್ಲ, ಯಾಕೆ?"

ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮಣೆಯಲ್ಲಿ ಆಡಿದವನು ನಾನು. ಮೊದಲ ಗುಳಿ ಆರಿಸುವಾಗ ಗಂಭೀರವಾಗಿ ಯೋಚಿಸುತ್ತಿದ್ದವನು. ನನ್ನ ಗಮನಕ್ಕೆ ಅದು ಬಂದೇ ಇರಲಿಲ್ಲ! ನಂಬಿಕೆಯಾಗದೆ ಇಬ್ಬರೂ ಒಂದೊಂದೇ ಗುಳಿಯಿಂದ ಆಡಿ ನೋಡಿದೆವು. ಆರು, ಆರು, ಆರು. "ಯಾಕೆ?" ಎಂದು ನಾನೇ ಅವಳನ್ನು ತಿರುಗಿ ಕೇಳಿದೆ, ಈ ಸಲ ನಿಜವಾಗಿಯೂ ತಿಳಿಯಲೆಂದೇ ಕೇಳಿದೆ. ಮರುದಿನ ಹಲ್ಲುಜ್ಜುತ್ತಾ ಬಂದು ಹೇಳಿದಳು: "ಎಲ್ಲ ಗುಳಿಯಲ್ಲೂ ನಾಲ್ಕೇ ಇದೆ, ಮಣೆ ಸುತ್ತ ತಿರುಗ್ತದೆ. ಹಾಗಾದರೆ ಯಾವುದು ಮೊದಲು ಅಂತ ಇಲ್ಲವೇ ಇಲ್ಲ." ಕಾಲೇಜಿನಲ್ಲಿ ಸಮಮಿತಿ ಎಂದು ದೊಡ್ಡ ಹೆಸರಿಟ್ಟು ಓದಿದ್ದು ಇದನ್ನೇ. ಅಂದಿನಿಂದ ಗುಡ್ಡದಿಂದ ಇಳಿದು ಬಂದ ಮಗನೂ ರಾತ್ರಿ ಮಣೆಯ ಎದುರು ಕೂರತೊಡಗಿದ. ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಮನಸ್ಸಿನಲ್ಲಿಯೇ ಎಣಿಸಿ, ಬಹಳ ಸಲ ಗೆಲ್ಲುತ್ತಿದ್ದವನು ಲೆಕ್ಕ ಬಾರದ ಅವನೇ.

ಇಷ್ಟು ಹೇಳಿದರೆ ನಿಮ್ಮಲ್ಲಿ ಕೆಲವರು ಗೊಣಗುವುದು ನನಗೆ ಕೇಳಿಸುತ್ತದೆ. "ಮೇಷ್ಟರಿಗೆ ಪಿಂಚಣಿ ಇದೆ, ಸಮಯ ಇದೆ, ಅಂಗಳ ಇದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಎರಡು ಕೋಣೆಯ ಮನೆಯಲ್ಲಿ ಇದೆಲ್ಲ ಆಗುವ ಮಾತೇ?" ನ್ಯಾಯವಾದ ಮಾತು. ಬೇರೆಯಾಗಿ ಸಮಯ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಹೇಗೂ ಆಗಲೇಬೇಕಾದ ಕೆಲಸದೊಳಗೆ ಮಗುವಿಗೆ ಜಾಗ ಕೊಡಿ ಎನ್ನುತ್ತೇನೆ. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಮನೆಮನೆಯಲ್ಲೂ ವಿದ್ಯುತ್ತಿನ ಯೂನಿಟ್‌ ಲೆಕ್ಕ ನಡೆಯುತ್ತಿದೆ. ಪ್ರತಿ ಭಾನುವಾರ ಮೀಟರು ಓದಿ, ಹಿಂದಿನ ವಾರದ ಅಂಕಿ ಕಳೆದು, ಎಷ್ಟು ಖರ್ಚಾಯಿತೆಂದು ಹೇಳುವ ಕೆಲಸ ಮೂರನೆಯ ತರಗತಿಯ ಮಗುವಿಗೆ ಹೇಳಿ ಮಾಡಿಸಿದಂತಿದೆ. ಆ ಅಂಕಿ ನಿಮಗೂ ಬೇಕು. ಅಂಗಡಿಯ ಪಟ್ಟಿ ಮಗು ಬರೆಯಲಿ. ತಪ್ಪು ಅಕ್ಷರವಿದ್ದರೂ ಅದೇ ಪಟ್ಟಿ ಹಿಡಿದು ಹೋಗಿ. ಅಕ್ಕಿ ಅಳೆಯುವುದು ಮಗುವಿನ ಕೆಲಸವಾಗಲಿ. ನಾಲ್ಕು ಪಾವು ಒಂದು ಸೇರು ಎಂಬುದು ತಿಳಿದ ಕೈಗೆ ಕಾಲು, ಅರ್ಧ, ಮುಕ್ಕಾಲುಗಳು ಹೊಸತಲ್ಲ. ಗಂಡುಮಕ್ಕಳೂ ಅಳೆಯಲಿ.

ತೋಟದ ಮನೆಯವರಿಗೆ ಒಂದು ಮಾತು. ಕೆಲಸದೊಳಗೆ ಜಾಗ ಎಂದರೆ ದುಡಿಮೆಗೆ ಹಚ್ಚುವುದಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇನ್ನೂರು ಲೀಟರಿನ ಡ್ರಮ್ಮಿಗೆ ಎಷ್ಟು ಎಂದು ಮಗು ಜಗಲಿಯಲ್ಲಿ ಕುಳಿತು ಹೇಳಲಿ. ಮೈಲುತುತ್ತನ್ನು ಮುಟ್ಟುವುದು ಬೇಡ, ಡ್ರಮ್ಮಿನ ಹತ್ತಿರ ಸುಳಿಯುವುದೂ ಬೇಡ. ಕತ್ತಿ, ದೋಟಿಗಳ ವಿಷಯ ಬೇರೆ ಹೇಳಬೇಕಾಗಿಲ್ಲ.

ಮತ್ತೊಂದು ಕಿವಿಮಾತು, ಇದು ನನಗೇ ಬಹಳ ಕಷ್ಟವಾದದ್ದು. ಮಗು ತಪ್ಪಿದಾಗ ಕೂಡಲೇ ಬಾಯಿ ಹಾಕಬೇಡಿ. ಕಡುಬಿಗೆ ಉಪ್ಪು ಹೆಚ್ಚಾದರೆ ಕಡುಬೇ ಹೇಳುತ್ತದೆ. ಪಟ್ಟಿಯಲ್ಲಿ "ಸಕ್ಕರೆ" ಬಿಟ್ಟುಹೋದರೆ ಮರುದಿನದ ಕಾಫಿ ಹೇಳುತ್ತದೆ. ಚೆನ್ನೆಮಣೆಯಲ್ಲಿ ಎಣಿಕೆ ತಪ್ಪಿದರೆ ಎದುರಾಳಿ ಬಿಡುವುದಿಲ್ಲ. ನಿವೃತ್ತ ಶಿಕ್ಷಕನಿಗೆ ಸುಮ್ಮನಿರುವುದೆಂದರೆ ಉಪವಾಸಕ್ಕಿಂತ ಕಠಿಣ. ಮೊದಮೊದಲು ನಾನು ಮಧ್ಯೆ ಬಾಯಿ ಹಾಕಿದಾಗಲೆಲ್ಲ ಪತ್ನಿ ಒಳಗಿನಿಂದ ಕೆಮ್ಮುತ್ತಿದ್ದಳು.

ಆ ಮೊಮ್ಮಗಳು ಈಗ ಹೈಸ್ಕೂಲಿಗೆ ಬಂದಿದ್ದಾಳೆ. ಗಣಿತದಲ್ಲಿ ತರಗತಿಗೆ ಮೊದಲಿಗಳೇನಲ್ಲ. ಕಳೆದ ಸಲ ಬೀಜಗಣಿತದಲ್ಲಿ ಕಡಿಮೆಯೇ ಬಂತೆಂದು ಅವಳೇ ಹೇಳಿದಳು, ಹೊಟ್ಟೆನೋವಿಲ್ಲದೆ. ಮಳೆಯ ದಾಖಲೆಯನ್ನು ಅವಳು ಊರಿಗೆ ಮರಳಿದ ಮೇಲೆ ನಾನೇ ಮುಂದುವರಿಸಿದ್ದೇನೆ. ಪ್ರತಿ ಬೆಳಿಗ್ಗೆ ಅಂಕಿಯನ್ನು ಮೊಬೈಲಿನಲ್ಲಿ ಕಳುಹಿಸಬೇಕು, ತಪ್ಪಿದರೆ ಕರೆ ಬರುತ್ತದೆ.

ಶಿವಮೊಗ್ಗದ ವಿದ್ಯಾರ್ಥಿಗೆ ಮೊನ್ನೆ ಮತ್ತೆ ಕರೆ ಮಾಡಿ ಇಷ್ಟನ್ನೂ ಹೇಳಿದೆ. ಚೆನ್ನೆಮಣೆ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಮೊಟ್ಟೆಯ ಟ್ರೇ ಆಗಬಹುದೆಂದು ನಾನೂ ನೋಡಿದ್ದೆ; ಅದರ ಸಾಲಿನಲ್ಲಿ ಆರೇ ಗುಳಿ. ನೆಲದ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ಸುತ್ತು ಬರೆದುಕೊಂಡರೆ ಸಾಕು. ಮರದ್ದೇ ಬೇಕೆನ್ನುವವರಿಗೆ, ನಮ್ಮ ಅಟ್ಟದಲ್ಲಿ ಹಲಸಿನ ಮರದ ಹಳೆಯ ಮಣೆಯೊಂದು ಹೆಚ್ಚಿಗೆ ಇದೆ. ಊರ ಕಡೆ ಬಂದಾಗ ಯಾರು ಮೊದಲು ಕೇಳುತ್ತೀರೋ ಅವರಿಗೆ. ಬರುವಾಗ ಮಗುವನ್ನೂ ಕರೆತನ್ನಿ. ಒಂದಾಟ ಆಡಿದ ಮೇಲೆಯೇ ಮಣೆ ಕೊಡುವುದು.